ಕಾಲುವೆಯ ಕೆಸರಿನಲ್ಲಿ ಎರಡು ಜಾಡು

1978ನೇ ಇಸವಿ ಜನವರಿ 17, ಮಂಗಳವಾರ, ಬೆಳಿಗ್ಗೆ ಆರೂ ಮುಕ್ಕಾಲು. ನನ್ನ ನೋಟ್‌ಬುಕ್ಕಿನಲ್ಲಿ ಆ ದಿನದ ಮೊದಲ ಸಾಲು ಹೀಗಿದೆ: "ಕೆಳಗಿನ ಗದ್ದೆಯಲ್ಲಿ ಎರಡು ಕುರಿಮರಿ ಹೋಗಿವೆ. ನಮ್ಮ ನಾಯಿಯ ಮೇಲೆ ಹೇಳುತ್ತಿದ್ದಾರೆ." ಅದೇ ಪುಟದ ಕೊನೆಯ ಸಾಲು ಬರೆದದ್ದು ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ. ನಡುವೆ ಒಂಬತ್ತು ಗಂಟೆಗೆ ಐದು ನಿಮಿಷ ಕಮ್ಮಿ. ಏಳು ವರ್ಷ ಕಳೆದಿದೆ. ಆ ಕೊನೆಯ ಸಾಲು ಓದಿದಾಗಲೆಲ್ಲ ಈಗಲೂ ಒಂದು ದೊಡ್ಡ ಉಸಿರು ತಾನಾಗಿ ಹೊರಗೆ ಬರುತ್ತದೆ.

ನಮ್ಮದು ಸೂಳೆಕೆರೆಯ ಅಚ್ಚುಕಟ್ಟಿನ ಊರು. ಅಪ್ಪ ನೀರಗಂಟಿ. ತೂಬಿನಿಂದ ಕಾಲುವೆಗೆ ನೀರು ಬಿಡುವುದು, ಯಾರ ಗದ್ದೆಗೆ ಯಾವ ಹೊತ್ತು ಎಂದು ನೋಡಿ ಗದ್ದೆಯ ಬಾಯಿಗೆ ಮಣ್ಣಿನ ಮಡೆ ಕಟ್ಟುವುದು, ಬಿಚ್ಚುವುದು ಅವನ ಕೆಲಸ. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಎಲ್ಲ ಸರದಿಯೂ ಅವನ ತಲೆಯಲ್ಲೇ ಇರುತ್ತಿತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ಆ ವರ್ಷ ಅದನ್ನು ನೋಟ್‌ಬುಕ್ಕಿಗೆ ಇಳಿಸಲು ಶುರು ಮಾಡಿದೆ. ತಾರೀಖು, ಗಂಟೆ, ಗದ್ದೆ. ಸೋದರಮಾವ ಕೊಟ್ಟ ಹಳೆಯ ಕೈಗಡಿಯಾರವಿತ್ತು. ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತಿತ್ತು, ಅದನ್ನೂ ಲೆಕ್ಕಕ್ಕೆ ಹಿಡಿದು ಬರೆಯುತ್ತಿದ್ದೆ. ಆಮೇಲೆ ಅಭ್ಯಾಸ ಬೆಳೆದು, ಕೆರೆಗೆ ಬಂದ ಕೊಕ್ಕರೆ ಎಷ್ಟು, ಅಮ್ಮ ಎಷ್ಟು ಸಲ ಬೈದಳು ಎಂಬುದನ್ನೂ ಬರೆಯತೊಡಗಿದೆ.

ನಾಯಿ ಅಪ್ಪನದು. ಕೆಂಚು ಬಣ್ಣ, ದೊಡ್ಡ ಮೈ. ಬೆಳಗಿನ ಜಾವ ಅಪ್ಪ ಕಾಲುವೆ ಏರಿಯ ಮೇಲೆ ಹೊರಟರೆ ಅದು ಮುಂದೆ. ಹುಲ್ಲಿನಲ್ಲಿ ಹಾವಿದ್ದರೆ ನಿಂತು ಬೊಗಳುತ್ತಿತ್ತು. ಹಾಗೆ ಅಪ್ಪನನ್ನು ಮೂರು ಸಲ ಉಳಿಸಿತ್ತು. ಮೂರರ ತಾರೀಖೂ ನನ್ನ ಹತ್ತಿರ ಇದೆ.

ಭತ್ತ ಕೊಯ್ದ ಮೇಲೆ ಜಗಳೂರು ಕಡೆಯಿಂದ ಕುರಿಯವರು ನಮ್ಮ ಕಡೆಗೆ ಬರುತ್ತಾರೆ. ಅಲ್ಲಿ ಆ ಹೊತ್ತಿಗೆ ಮೇವು ಮುಗಿದಿರುತ್ತದೆ, ಇಲ್ಲಿ ಕೂಳೆ ಗದ್ದೆ ಖಾಲಿ ಇರುತ್ತದೆ. ರಾತ್ರಿ ಕುರಿಗಳನ್ನು ಗದ್ದೆಯಲ್ಲಿ ನಿಲ್ಲಿಸಿದರೆ ನೆಲಕ್ಕೆ ಗೊಬ್ಬರ. ಆ ಸಲ ಒಂದು ಮಂದೆ ಬಂದು ಗೌಡರ ಕೆಳಗಿನ ಗದ್ದೆಯಲ್ಲಿ ಮೂರು ರಾತ್ರಿ ನಿಂತಿತ್ತು. ಜೊತೆಯಲ್ಲಿ ಒಬ್ಬ ಮುದುಕ, ಅವನ ಮಗ. ಮೂರನೆಯ ರಾತ್ರಿ ಎರಡು ಮರಿ ಹೋದವು. ಒಂದನ್ನು ಹೊತ್ತುಕೊಂಡು ಹೋಗಿತ್ತು, ಇನ್ನೊಂದು ಕತ್ತು ಹರಿದು ಅಲ್ಲೇ ಬಿದ್ದಿತ್ತು.

ನಸುಕಿನಲ್ಲೇ ಗದ್ದೆಗೆ ಬಂದ ಗೌಡರಿಗೆ ಮುದುಕ, "ನಾಯಿ ಬಂದಿತ್ತು ಗೌಡ್ರೇ, ಎಲ್ಡು ಮರಿ ಹೋದ್ವು" ಎಂದು ಹೇಳಿ, ಮುಂದಿನ ಊರಲ್ಲಿ ಗದ್ದೆ ನೋಡಲು ಹೊರಟುಹೋದ. ಮಗ ಕುರಿ ಹೊಡೆದುಕೊಂಡು ಕೆರೆಯಂಗಳಕ್ಕೆ ಹೋದ.

ಗೌಡರು ಕಾಲುವೆಗೆ ಇಳಿದು ನೋಡಿದರು. ಹೂಳು ತೆಗೆಸಲು ಎಂಟು ದಿನದಿಂದ ತೂಬು ಮುಚ್ಚಿತ್ತು. ಕಾಲುವೆಯ ತಳದಲ್ಲಿ ಮೆತ್ತನೆಯ ಕೆಸರು, ಕೆಸರಿನ ತುಂಬ ನಾಯಿಯ ಹೆಜ್ಜೆ. ಹಿಂದಿನ ಸಂಜೆ ಅಪ್ಪ ಕಾಲುವೆ ನೋಡಲು ಹೋದಾಗ ನಾಯಿ ಅಲ್ಲೆಲ್ಲ ಓಡಾಡಿತ್ತು. ಗೌಡರಿಗೆ ಅಷ್ಟು ಸಾಕಾಯಿತು.

ನಮ್ಮ ಮನೆಯ ಮುಂದೆ ನಿಂತು ಕೂಗಿದರು. "ಏನೋ ನೀರಗಂಟಿ, ನಿನ್ ನಾಯಿ ರಾತ್ರಿ ಎಲ್ಲಿತ್ತು?"

"ಇಲ್ಲೇ ಬಾಗ್ಲಾಗೆ ಮಲಗಿತ್ತು ಗೌಡ್ರೇ."

"ನೀನು ರಾತ್ರಿಯೆಲ್ಲಾ ಎದ್ದು ನೋಡ್ತಾ ಕುಂತಿದ್ಯಾ?"

ಅಪ್ಪ ಸುಳ್ಳು ಹೇಳಲಿಲ್ಲ. "ಇಲ್ಲ ಗೌಡ್ರೇ, ನಿದ್ದೆ ಹೋಗಿದ್ದೆ."

"ಮತ್ತೆ! ನಂಬಿ ಗದ್ದೆಗೆ ಕುರಿ ತಂದೋರು. ಅವರಿಗೆ ಏನು ಮುಖ ತೋರಿಸ್ಲಿ? ರಕ್ತದ ರುಚಿ ಕಂಡ ನಾಯಿ ಊರಾಗೆ ಇರಂಗಿಲ್ಲ. ಕಟ್ಟಿಹಾಕು. ನಾಕು ಗಂಟೆಗೆ ಕಟ್ಟೆ ಹತ್ರ ಎಲ್ರ ಮುಂದೆ ಮುಗಿಸಾಣ."

ಮುಗಿಸುವುದು ಎಂದರೆ ನಮ್ಮೂರಲ್ಲಿ ಒಂದೇ ರೀತಿ. ಭತ್ತಕ್ಕೆ ಹೊಡೆಯುವ ಔಷಧವನ್ನು ಮುದ್ದೆಯಲ್ಲಿಟ್ಟು ಹಾಕುವುದು. ಅಪ್ಪ ಎತ್ತಿನ ಹಗ್ಗ ತಂದು ನಾಯಿಯನ್ನು ಹೊಂಗೆ ಮರಕ್ಕೆ ಕಟ್ಟಿದ. ಹಗ್ಗ ಕಂಡೇ ಇಲ್ಲದ ನಾಯಿ. ಇದೇನೋ ಆಟ ಎಂದುಕೊಂಡು ಬಾಲ ಅಲ್ಲಾಡಿಸಿತು.

ಏಳೂಕಾಲಿಗೆ ನಾನು ಕಂಪಾಸ್ ಬಾಕ್ಸಿನಿಂದ ಸ್ಕೇಲು ತೆಗೆದುಕೊಂಡು ಕಾಲುವೆಗೆ ಇಳಿದೆ. ನನ್ನ ಯೋಚನೆ ಸರಳವಾಗಿತ್ತು. ಗೌಡರ ಗದ್ದೆಯ ಕಡೆಗೆ ಏರಿ ಹತ್ತಿಹೋದ ಹೆಜ್ಜೆ ಯಾವುದೋ ಅದನ್ನು ಅಳೆಯುವುದು. ಅದು ನಮ್ಮ ನಾಯಿಯ ಹೆಜ್ಜೆಗಿಂತ ದೊಡ್ಡದೋ ಚಿಕ್ಕದೋ ಆಗಿದ್ದರೆ ನಾಯಿ ಉಳಿಯಿತು. ಏರಿಯ ಬುಡದಲ್ಲಿ ಒಳ್ಳೆಯ ಹೆಜ್ಜೆ ಸಿಕ್ಕಿತು. ನಾಲ್ಕು ಬೆರಳು, ಉಗುರಿನ ಗುರುತು, ಹಿಂದೆ ಅಂಗಾಲಿನ ಗಟ್ಟಿ ಅಚ್ಚು. ಉದ್ದ ಒಂಬತ್ತು ಸೆಂಟಿಮೀಟರು. ಮನೆಗೆ ಓಡಿ ನಮ್ಮ ನಾಯಿಯ ಮುಂಗಾಲನ್ನು ಒದ್ದೆ ಮಣ್ಣಿನಲ್ಲಿ ಒತ್ತಿ ಅಳೆದೆ.

ಒಂಬತ್ತು ಸೆಂಟಿಮೀಟರು.

ಅಭ್ಯಾಸಬಲ, ಎರಡನ್ನೂ ಬರೆದುಬಿಟ್ಟೆ. ಹಿಂದೆಯೇ ಬಂದು ನಿಂತಿದ್ದ ಗೌಡರ ತಮ್ಮ ನೋಟ್‌ಬುಕ್ಕಿಗೆ ಬಗ್ಗಿ ನೋಡಿದರು. "ಅಣ್ಣಾ, ಇಲ್ನೋಡು. ನೀರಗಂಟಿ ಮಗಳೇ ಬರ್ಕೊಂಡಾಳೆ! ಅಳತಿ ಕೂಡಿ ಬಂದೈತೆ, ಜಾತಕ ಕೂಡಿದಂಗೆ!" ಎಂದು ಕೂಗಿದರು. ನಕ್ಕವರು ನಾಲ್ಕು ಜನ. ನನಗೆ ಅಳು ಬಂತು. ಬರೆದದ್ದನ್ನು ಹೊಡೆದುಹಾಕಬೇಕು ಎನಿಸಿತು. ಆದರೆ ಇಷ್ಟು ದಿನ ಒಂದು ಸರದಿಯನ್ನೂ ತಿದ್ದಿರಲಿಲ್ಲ. ಇದೊಂದನ್ನು ತಿದ್ದಿದರೆ ಉಳಿದ ಪುಟಗಳನ್ನು ಯಾರು ನಂಬುತ್ತಾರೆ? ಬಿಟ್ಟೆ.

ಕುರಿಯವನ ಮಗನನ್ನೇ ಕೇಳೋಣ ಎಂದು ಕೆರೆಯಂಗಳಕ್ಕೆ ಹೋದೆ. ಕುರಿಗಳ ನಡುವೆ ಕೋಲೂರಿ ನಿಂತಿದ್ದ.

"ಅಣ್ಣಾ, ನಿಮ್ ಮರಿ ಹಿಡಿದಿದ್ದು ನಾಯಿನಾ?"

"ಹೂಂ ತಂಗಿ, ನಾಯಿ."

"ನೋಡಿದ್ರಾ? ಕೆಂಚು ನಾಯಿನಾ?"

ಅವನು ಸುತ್ತಲಿನ ಕುರಿಗಳನ್ನೊಮ್ಮೆ ನೋಡಿ, ದನಿ ಇಳಿಸಿ ಹೇಳಿದ. "ಇಲ್ಲಿ ಅದರ ಮಾತು ಬ್ಯಾಡ ತಂಗಿ. ಹೋಗು, ಮನಿಗೆ ಹೋಗು."

ಮರಿ ಹೋದ ಸಂಕಟಕ್ಕೆ ಹಾಗೆ ಹೇಳಿದ ಎಂದುಕೊಂಡೆ. ಒಂಬತ್ತೂವರೆಗೆ ಹಿಂದಿರುಗಿದಾಗ ನನ್ನ ಪುಸ್ತಕದಲ್ಲಿ ನಾಯಿಯ ವಿರುದ್ಧ ಎರಡು ಸಾಕ್ಷಿ ಇತ್ತು. ಎರಡನ್ನೂ ಕಲೆಹಾಕಿದವಳು ನಾನೇ.

ಮತ್ತೆ ಕಾಲುವೆಗೆ ಇಳಿದದ್ದು ಬೇರೇನೂ ತೋಚದೆ. ಏರಿಯ ಬುಡದ ಹೆಜ್ಜೆಯ ಮುಂದೆ ಕುಳಿತುಕೊಂಡೆ. ಉದ್ದ ಮಾತ್ರ ಅಳೆದಿದ್ದೆ, ಅಗಲ ಅಳೆದಿರಲಿಲ್ಲ. ಅಳೆದರೆ ಏಳು ಸೆಂಟಿಮೀಟರಿಗಿಂತ ಕೂದಲಷ್ಟು ಕಮ್ಮಿ. ನಮ್ಮ ನಾಯಿಯದು ಎಂಟೂವರೆ. ನಮ್ಮದರ ಹೆಜ್ಜೆ ಹರಡಿಕೊಂಡ ಹೂವಿನ ಹಾಗೆ ದುಂಡಗೆ; ಪಕ್ಕದ ಬೆರಳುಗಳ ಉಗುರು ಆಚೆಗೊಂದು ಈಚೆಗೊಂದು ಮುಖ ಮಾಡಿರುತ್ತಿದ್ದವು. ಇದರಲ್ಲಿ ನಾಲ್ಕು ಬೆರಳೂ ಒತ್ತಾಗಿ ಕೂಡಿಕೊಂಡಿದ್ದವು. ನಡುವಿನ ಎರಡು ಮುಂದಕ್ಕೆ ಚಾಚಿದ್ದವು, ಉಗುರುಗಳೆಲ್ಲ ನೆಟ್ಟಗೆ ಮುಂದಕ್ಕೆ.

ಆ ಹೆಜ್ಜೆಯಿಂದ ಹಿಂದಕ್ಕೆ ನಡೆದೆ, ಅದು ಬಂದ ದಾರಿಯನ್ನೇ ಹಿಡಿದು. ಆಗ ಕಂಡದ್ದು ಅಗಲಕ್ಕಿಂತ ದೊಡ್ಡ ವಿಷಯ. ಆ ಜಾಡು ಕಾಲುವೆಯ ನಡುವೆ ದಾರ ಎಳೆದ ಹಾಗೆ ಬಂದಿತ್ತು. ಒಂದು ಹೆಜ್ಜೆ, ಅದರ ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು. ನಾಲ್ಕು ಕಾಲಿನ ಪ್ರಾಣಿ ಎರಡೇ ಕಾಲಿನಲ್ಲಿ ನಡೆದಿದೆಯೇನೋ ಎನ್ನುವಂತೆ. ಬಗ್ಗಿ ನೋಡಿದರೆ ಕೆಲವು ಹೆಜ್ಜೆಗಳ ಒಳಗೆ ಇನ್ನೊಂದು ಚಿಕ್ಕ ಹೆಜ್ಜೆಯ ಅಂಚು ಕಾಣುತ್ತಿತ್ತು. ಮುಂಗಾಲು ಊರಿ ಎತ್ತಿದ ಗುಂಡಿಯಲ್ಲೇ ಹಿಂಗಾಲು ಊರಿತ್ತು.

ನಮ್ಮ ನಾಯಿಯ ಜಾಡು ಪಕ್ಕದಲ್ಲೇ ಇತ್ತು. ಅದಕ್ಕೆ ನೇರ ಎಂಬುದೇ ಗೊತ್ತಿರಲಿಲ್ಲ. ಹಿಂಗಾಲು ಒಂದು ಕಡೆ, ಮುಂಗಾಲು ಒಂದು ಕಡೆ. ಏಡಿ ಬಿಲ ಕಂಡಲ್ಲಿ ಹೋಗಿ ಮೂಸಿತ್ತು, ಅಪ್ಪನ ಹೆಜ್ಜೆಯ ಹತ್ತಿರ ಬಂದು ಸುತ್ತು ಹಾಕಿತ್ತು, ಕಲ್ಲು ಸಿಕ್ಕಲ್ಲಿ ಕಾಲೆತ್ತಿತ್ತು.

ಎಣಿಸಿದೆ. ಹತ್ತು ಮಾರು ದೂರದಲ್ಲಿ ನಮ್ಮ ನಾಯಿಯ ಅಚ್ಚು 78, ಇನ್ನೊಂದರದು 33. ನನ್ನ ನೂರು ಹೆಜ್ಜೆ ದೂರದಲ್ಲಿ ನಮ್ಮ ನಾಯಿ ಗೆರೆ ಬಿಟ್ಟು ಪಕ್ಕಕ್ಕೆ ಹೋದದ್ದು 9 ಸಲ, ಇನ್ನೊಂದು ಒಂದು ಸಲವೂ ಇಲ್ಲ. ಪ್ರತಿಯೊಂದನ್ನೂ ಎರಡು ಸಲ ಎಣಿಸಿ ಬರೆದೆ. ನರಿ ಇರಬಹುದೇ? ಕೆರೆ ದಂಡೆಯಲ್ಲಿ ಏಡಿ ತಿನ್ನಲು ಬರುವ ನರಿಗಳ ಹೆಜ್ಜೆ ನಮಗೆಲ್ಲ ಗೊತ್ತು. ನನ್ನ ಹೆಬ್ಬೆಟ್ಟಿನ ಉದ್ದವೂ ಇರುವುದಿಲ್ಲ. ಹಾಗಾದರೆ ಇದು ಏನು? ನಮ್ಮ ಕಡೆ ನಾಯಿ, ನರಿ ಬಿಟ್ಟರೆ ಮೂರನೆಯದನ್ನು ಕಂಡವರೇ ಇರಲಿಲ್ಲ.

ಆಗ ಅಪ್ಪ ಏರಿಯ ಮೇಲೆ ಬಂದು ನಿಂತ. ಹನ್ನೊಂದು ಗಂಟೆ ಹತ್ತು ನಿಮಿಷ. ಹೆಗಲ ಮೇಲೆ ಸಲಿಕೆ, ಕೈಯಲ್ಲಿ ತೂಬಿನ ಕೀಲಿ. ಹನ್ನೆರಡಕ್ಕೆ ನೀರು ಬಿಡುವ ದಿನ ಅದು. ಸರದಿಯ ಪಟ್ಟಿಯಲ್ಲಿ ನಾನೇ ಬರೆದಿದ್ದೆ.

"ಅಪ್ಪಾ, ಇವತ್ತು ನೀರು ಬಿಡಬ್ಯಾಡ. ಎಲ್ಲ ಕೊಚ್ಚಿಕೊಂಡು ಹೋಗ್ತತೆ."

"ಎಂಟು ದಿನದಿಂದ ಕಾದು ಕುಂತಾರೆ, ಸಸಿಮಡಿ ಒಣಗ್ತಾ ಐತೆ. ಹೊತ್ತಿಗೆ ನೀರು ಬಿಡದಿದ್ರೆ ನಾನೆಂಥ ನೀರಗಂಟಿ?"

"ನಾಯಿ ಸಾಯ್ತತಪ್ಪಾ!"

ಅಪ್ಪ ಸೂರ್ಯನ ಕಡೆ ನೋಡಿದ. "ಹನ್ನೆರಡಾಗಾಕೆ ಇನ್ನೂ ಹೊತ್ತೈತೆ. ಬರ್ಕೊಂಡಿದ್ದು ಯಾರಿಗೆ ತೋರಿಸ್ತೀಯ, ಓದಾಕೆ ಬರೋರು ಎಷ್ಟು ಜನ ಅದಾರೆ ಅಲ್ಲಿ? ಮಣ್ಣನ್ನೇ ತಗೊಂಡು ಹೋಗು" ಎಂದು ಸಲಿಕೆಯನ್ನು ಕೆಳಕ್ಕೆ ಹಾಕಿ ತೂಬಿನ ಕಡೆಗೆ ನಡೆದ.

ಕೆಸರು ಮೇಲೆ ಮೆತ್ತಗಿದ್ದರೂ ಕೆಳಗೆ ಜಿಗುಟು ಮಣ್ಣು. ಸಲಿಕೆಯನ್ನು ಓರೆಯಾಗಿ ತೂರಿಸಿ ಎತ್ತಿದೆ. ಮೊದಲನೆಯದು ಒಡೆಯಿತು, ಎರಡನೆಯದೂ ಒಡೆಯಿತು. ಮೂರನೆಯದು ರೊಟ್ಟಿಯ ಹಾಗೆ ಇಡಿಯಾಗಿ ಬಂತು. ನಮ್ಮ ನಾಯಿಯ ಹೆಜ್ಜೆ ಎರಡನೆಯ ಸಲಕ್ಕೇ ಬಂತು. ಎರಡನ್ನೂ ಹೂಳು ಹೊರುವ ಬಾಂಡ್ಲಿಯಲ್ಲಿ ಜೋಡಿಸಿ, ಮೇಲೆ ಕೆಸುವಿನ ಎಲೆ ಮುಚ್ಚಿ ಏರಿ ಹತ್ತಿದೆ. ಹನ್ನೆರಡು ಹೊಡೆದು ಐದು ನಿಮಿಷಕ್ಕೆ ನೀರು ಬಂತು. ಮೊದಲು ಕಸಕಡ್ಡಿ ತಳ್ಳಿಕೊಂಡು ನಿಧಾನವಾಗಿ, ಆಮೇಲೆ ತುಂಬಿಕೊಂಡು. 78 ಮತ್ತು 33 ಒಟ್ಟಿಗೇ ಹೋದವು.

ಊರ ಮುಂದಿನ ಕಟ್ಟೆಯ ಮೇಲೆ ಊರಿನವರು ಕೂರುತ್ತಾರೆ. ನಾವು ಕೇರಿಯವರು ಕೆಳಗೆ ನಿಲ್ಲುತ್ತೇವೆ. ಮೂರು ಗಂಟೆಗೆ ನಾನು ಬಾಂಡ್ಲಿಯನ್ನು ಕಟ್ಟೆಯ ಕೆಳಗೆ ಇಟ್ಟು ನಿಂತೆ. ಅಪ್ಪ ನನ್ನ ಹಿಂದೆ. ಹೊಂಗೆ ಮರದಿಂದ ಬಿಚ್ಚಿ ತಂದ ನಾಯಿ ಅವನ ಕಾಲ ಬಳಿ, ಹಗ್ಗ ಅವನ ಮುಂಗೈಗೆ ಸುತ್ತಿತ್ತು. ಕಟ್ಟೆಯ ಮೂಲೆಯಲ್ಲಿ ಎಲೆ ಮುಚ್ಚಿದ ಒಂದು ತಟ್ಟೆ ಇತ್ತು. ಅದು ಏನೆಂದು ಎಲ್ಲರಿಗೂ ಗೊತ್ತಿತ್ತು.

"ಏನವ್ವ, ನ್ಯಾಯ ಹೇಳಾಕೆ ಮಣ್ಣು ಹೊತ್ಕೊಂಡು ಬಂದಿ?" ಎಂದರು ಗೌಡರ ತಮ್ಮ.

ನಾನು ಹೇಳತೊಡಗಿದೆ. ಅಗಲ, ಉಗುರು, ನೇರ ಗೆರೆ, 78, 33. ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಎಲ್ಲಿಂದ ಕಾಣಬೇಕು ಅವರಿಗೆ, ಬಾಂಡ್ಲಿ ಕೆಳಗಿತ್ತು. ಸ್ವಲ್ಪ ಹೊತ್ತಿಗೆ ಒಬ್ಬರು ಇಳಿದು ಬಂದರು, ಇನ್ನೊಬ್ಬರು ಬಂದರು. ಕೊನೆಗೆ ಗೌಡರೂ ಪಂಚೆ ಎತ್ತಿ ಹಿಡಿದು ಇಳಿದು ಬಂದು ಬಗ್ಗಿದರು. ಅವರು ಕಟ್ಟೆಯಿಂದ ಇಳಿದು ನಮ್ಮ ಪಕ್ಕಕ್ಕೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಬ್ಯಾರೆ ಬ್ಯಾರೆ ಕಂಡಂಗೈತೆ," ಎಂದರು ಒಬ್ಬರು.

"ನಡಿಯೋವಾಗ ಒಂದು ನಮೂನಿ, ಓಡೋವಾಗ ಒಂದು ನಮೂನಿ. ನಾಯಿ ನಾಯಿನೇ," ಎಂದರು ಗೌಡರ ತಮ್ಮ.

ಗೌಡರು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಕುರಿಯಾತ ತಾನೇ ಹೇಳ್ಯಾನಲ್ಲ, ನಾಯಿ ಬಂದಿತ್ತು ಅಂತ. ಅವನ ಮಾತಿಗಿಂತ ಮಣ್ಣಿನ ಮಾತು ಹೆಚ್ಚಾ?" ಎಂದರು. ಅವರ ಮಾತಿನಲ್ಲಿ ದ್ವೇಷ ಇರಲಿಲ್ಲ. ಅದೇ ನನ್ನನ್ನು ಹೆದರಿಸಿತು.

ಮೂರೂ ಇಪ್ಪತ್ತೈದಕ್ಕೆ ಮುದುಕ ಬಂದ, ಹೆಗಲ ಮೇಲೆ ಕಂಬಳಿ, ಕಾಲ ತುಂಬ ಧೂಳು. ಗುಂಪು ನೋಡಿ ತಾನೂ ಬಗ್ಗಿದ. ಬಾಂಡ್ಲಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡ. ನೀಳ ಹೆಜ್ಜೆಯ ಮೇಲೆ, ಮುಟ್ಟದೆ, ಬೆರಳಾಡಿಸಿದ.

"ಇದನ್ಯಾರು ಎತ್ತಿದ್ದು? ಅಚ್ಚುಕಟ್ಟಾಗಿ ಎತ್ಯಾರೆ."

"ಈ ಹುಡುಗಿ. ನೀನು ಹೇಳಿದ ನಾಯಿ ಇದೇನಾ, ನೋಡಿ ಹೇಳಪ್ಪ," ಎಂದು ಗೌಡರು ನಮ್ಮ ನಾಯಿಯನ್ನು ತೋರಿಸಿದರು.

ಮುದುಕ ನಾಯಿಯನ್ನು ನೋಡಿದ, ಹಗ್ಗ ನೋಡಿದ, ಮೂಲೆಯ ತಟ್ಟೆಯನ್ನೂ ನೋಡಿದ. ಅವನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಕೈಯಲ್ಲಿದ್ದ ಕೋಲು ಕೆಳಗೆ ಬಿತ್ತು.

"ಅಯ್ಯೋ ಶಿವನೇ! ಈ ನಾಯಿ ಅಂತ ಯಾರಂದ್ರು?"

"ನೀನೇ ಅಂದ್ಯಲ್ಲೋ ಮಾರಾಯ, ನಾಯಿ ಬಂದಿತ್ತು ಅಂತ!"

ಮುದುಕ ಎದ್ದು ಸುತ್ತ ನೋಡಿದ. "ಇಲ್ಲಿ ಕುರಿ ಗಿರಿ ಯಾವೂ ಇಲ್ಲಲ್ಲ?"

"ಇಲ್ಲ. ನಾವೇ ಇರೋದು," ಎಂದರು ಯಾರೋ.

ಅವನು ನಗಲಿಲ್ಲ. ದನಿ ತಗ್ಗಿಸಿ ಹೇಳಿದ. "ತೋಳ."

ಅವನೇ ಮುಂದುವರಿಸಿದ. "ಮಂದೆ ಹತ್ರ ಅದರ ಹೆಸರು ಹಿಡಿಯಂಗಿಲ್ಲ ಗೌಡ್ರೇ. ನಮ್ಮಪ್ಪ, ನಮ್ಮಜ್ಜನ ಕಾಲದಿಂದ ನಾವು ನಾಯಿ ಅಂತೀವಿ. ಹೆಸರು ಕರೆದ್ರೆ ಬಂದುಬಿಡ್ತತೆ, ಕುರಿಗೂ ತಿಳೀತತೆ. ಜಗಳೂರಿಂದ ನಮ್ಮ ಹಿಂದೇನೇ ಬಂದೈತೆ ಅದು. ನಿಮ್ ಊರಾಗೆ ನಾಯಿ ಅಂದ್ರೆ ನಾಯಿನೇ ಅಂತ ನಂಗೇನು ಗೊತ್ತು!"

ಬೆಳಿಗ್ಗೆ ಅವನ ಮಗ ಕುರಿಗಳನ್ನು ನೋಡಿ ದನಿ ಇಳಿಸಿದ್ದು ಏಕೆಂದು ನನಗೆ ಆಗ ತಿಳಿಯಿತು. ಅವನನ್ನು ಮಂದೆಯ ನಡುವೆ ಕೇಳಿದ್ದೇ ನನ್ನ ತಪ್ಪು.

ಗೌಡರು, "ಥೂ ನಿನ್ನ! ಒಂದು ಮಾತಿನಿಂದ ಪಾಪದ ನಾಯಿ ಸಾಯ್ತಿತ್ತಲ್ಲೋ" ಎಂದರು. ಆಮೇಲೆ ತಮ್ಮನ ಕಡೆ ತಿರುಗಿ, "ಆ ತಟ್ಟೆ ತಗೊಂಡು ಹೋಗಿ ಗುಂಡಿ ತೋಡಿ ಹೂತಾಕು. ನೀನೇ ಹೂತಾಕು. ಜಾತಕ ಕೂಡಿಸಿದೋನು ನೀನೇ ಅಲ್ಲೇನು?" ಎಂದರು. ಆಗ ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಹಗ್ಗ ಬಿಚ್ಚಲು ಅಪ್ಪನಿಗೆ ಆಗಲಿಲ್ಲ. ಗಂಟು ಬಿಗಿದಿತ್ತು. ಮುದುಕನೇ ಕುಳಿತು ಬಿಚ್ಚಿದ. ಆ ಪುಟದ ಕೊನೆಯ ಸಾಲು ಬರೆದೆ: "ಮೂರು ಗಂಟೆ ನಲವತ್ತು ನಿಮಿಷ. ನಾಯಿಯನ್ನು ಬಿಚ್ಚಿದರು." ನಾಯಿ ಮೈ ಕೊಡವಿಕೊಂಡು, ಇಷ್ಟು ಹೊತ್ತೂ ಏನೂ ನಡೆದೇ ಇಲ್ಲ ಎಂಬಂತೆ ಅಪ್ಪನ ಕೈ ನೆಕ್ಕಿ, ಕಾಲುವೆಯ ಕಡೆ ಓಡಿತು. ಅಪ್ಪ ಅಲ್ಲೇ ನೆಲದ ಮೇಲೆ ಕುಳಿತು ನೀರು ಕೇಳಿದ. ಗೌಡರ ಮನೆಯಿಂದ ಚೊಂಬು ಬಂತು, ಅವನ ಬೊಗಸೆಗೆ ಮೇಲಿನಿಂದ ಸುರಿದರು. ಒಂದು ಚೊಂಬು ಕುಡಿದು ಇನ್ನೊಂದು ಕೇಳಿದ. ದಿನವೆಲ್ಲ ಊರಿಗೆ ನೀರು ಹಂಚುವವನು ಹಾಗೆ ಕುಡಿದದ್ದನ್ನು ನಾನು ಬೇರೆಂದೂ ಕಂಡಿಲ್ಲ. ಆ ರಾತ್ರಿ ಎಂಟೂವರೆಗೇ ಮನೆಯವರೆಲ್ಲ ಸತ್ತವರ ಹಾಗೆ ನಿದ್ದೆ ಹೋದೆವು.

ನಾಯಿ ಮುಂದೆ ಐದು ವರ್ಷ ಬದುಕಿ ವಯಸ್ಸಾಗಿ ಸತ್ತಿತು. ನಾನು ಟೀಚರ್ ಟ್ರೈನಿಂಗ್ ಮುಗಿಸಿದೆ. ಕೆಲಸ ಸಿಕ್ಕಿದ್ದು ಜಗಳೂರು ತಾಲ್ಲೂಕಿನಲ್ಲೇ. ಇಲ್ಲಿ ಹಳ್ಳದ ಮರಳಿನಲ್ಲಿ ಹೆಜ್ಜೆ ನೋಡುವುದು ಭಾನುವಾರದ ರೂಢಿಯಾಗಿದೆ. ಇಲ್ಲಿಯವರೆಗೆ ಪುಸ್ತಕದಲ್ಲಿ ನಾಯಿಯ ಜಾಡು 112, ನರಿಯದು 37, ತೋಳದ್ದು 9. ನರಿಯ ಹೆಜ್ಜೆಯಲ್ಲಿ ನಡುವಿನ ಎರಡು ಬೆರಳು ಬುಡದಲ್ಲಿ ಕೂಡಿಕೊಂಡಿರುತ್ತವೆ ಎಂಬುದನ್ನು ಇಲ್ಲಿನ ಕುರಿಯವರು ತೋರಿಸಿಕೊಟ್ಟರು. ಕೇಳುವಾಗ ಅವರನ್ನು ಮಂದೆಯಿಂದ ದೂರ ಕರೆದುಕೊಂಡು ಹೋಗಿಯೇ ಕೇಳುತ್ತೇನೆ.

ಆದರೆ ಒಂದು ವಿಷಯ ನೆಮ್ಮದಿ ಕೊಡುತ್ತಿಲ್ಲ. ಕಳೆದ ವರ್ಷ ಎರಡು ಸಲ, ಜೂನ್ 10ರಂದು ಮತ್ತು ನವೆಂಬರ್ 4ರಂದು, ಊರ ನಾಯಿಯೊಂದು ಮನೆಯ ಕಡೆ ಹೋಗುವುದನ್ನು ಕಣ್ಣಾರೆ ನೋಡಿ ಅದರ ಜಾಡನ್ನು ಅಳೆದೆ. ಹಸಿದು ಮನೆಗೆ ಹೊರಟ ನಾಯಿ ಎಲ್ಲಿಯೂ ನಿಲ್ಲದೆ ನೇರ ಗೆರೆಯಲ್ಲೇ ಹೋಗಿತ್ತು. ಹಿಂಗಾಲು ಬಹುಪಾಲು ಮುಂಗಾಲಿನ ಗುಂಡಿಯಲ್ಲೇ ಬಿದ್ದಿತ್ತು. ಅಂದರೆ ಅವತ್ತು ನಮ್ಮ ನಾಯಿ ಹಸಿದಿದ್ದರೆ ನನ್ನ 78 ಮತ್ತು 33 ಎರಡೂ ಹೆಚ್ಚುಕಮ್ಮಿ ಒಂದೇ ಆಗುತ್ತಿದ್ದವು. ಅಗಲವೊಂದೇ ಉಳಿಯುತ್ತಿತ್ತು, ಮೂಳೆ ಸಣ್ಣಗಿರುವ ನಾಯಿಯಾದರೆ ಅದೂ ಉಳಿಯುತ್ತಿರಲಿಲ್ಲ. ಇನ್ನೊಂದು ಊರಿನಲ್ಲಿ ಇನ್ನೊಂದು ನಾಯಿಯನ್ನು ಮರಕ್ಕೆ ಕಟ್ಟಿದ ದಿನ ಏನನ್ನು ನೋಡಿ ಹೇಳಬೇಕು? ಉಬ್ರಾಣಿ ಕಾಡಿನ ಕಡೆಯವರು, ಹೊನ್ನಾಳಿ, ನ್ಯಾಮತಿ ಕಡೆ ಕುರಿ ಕಾಯುವವರು, ಬೇಟೆ ಬಲ್ಲ ಹಿರಿಯರು, ಯಾರಿಗಾದರೂ ಇದಕ್ಕಿಂತ ಗಟ್ಟಿಯಾದ ಗುರುತು ತಿಳಿದಿದ್ದರೆ ದಯವಿಟ್ಟು ಬರೆದು ತಿಳಿಸಿ. ಹೆಜ್ಜೆಯ ಉದ್ದ, ಅಗಲ, ತಾರೀಖು, ಮಣ್ಣು ಹಸಿಯಿತ್ತೋ ಒಣಗಿತ್ತೋ ಅದನ್ನೂ ಸೇರಿಸಿ. ಕಾಗದ ಬರೆಯಲು ಬಾರದವರು ಬರೆಯಬಲ್ಲ ಮಕ್ಕಳ ಕೈಯಲ್ಲಿ ಬರೆಸಿದರೂ ಸಾಕು.